ಫ್ಯಾಂಟಸಿ ಕಾದಂಬರಿಗಳಲ್ಲಿ ಧೈರ್ಯ, ಮರ್ಯಾದೆಯ ಮಾತು: ನಿಮ್ಮನ್ನು ಬಿಡದೆ ಕಾಡಿದ್ದು ಯಾವುದು?

ರಾತ್ರಿಪಾಳಿ

ಮೊನ್ನೆ ನಮ್ಮ ಚಿಕ್ಕಮ್ಮನ ಮಗ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಒಂದು ಚಿತ್ರ ಹಾಕಿದ್ದ. ಮಂಜು ಮುಸುಕಿದ ಬೆಟ್ಟ, ಮೇಲೊಂದು ಮಾತು. ಕತ್ತಲನ್ನು ದೂರ ಇಡುವುದು ದೊಡ್ಡವರ ಬಲ ಅಲ್ಲ, ಸಾಮಾನ್ಯ ಜನ ದಿನಾ ಮಾಡುವ ಸಣ್ಣ ಸಣ್ಣ ಕೆಲಸಗಳು ಅಂತ ಅದರ ಅರ್ಥ. ಕೆಳಗೆ ‘ಹಾಬಿಟ್’ ಕಾದಂಬರಿ ಬರೆದ ಟೋಲ್ಕಿನ್ ಹೆಸರು. ಮಾತು ಚೆನ್ನಾಗಿದೆ. ಆದರೆ ಅದು ಟೋಲ್ಕಿನ್ ಬರೆದದ್ದಲ್ಲ. 2012ರಲ್ಲಿ ಬಂದ ‘ಹಾಬಿಟ್’ ಸಿನಿಮಾದಲ್ಲಿ ಗ್ಯಾಂಡಾಲ್ಫ್ ಅನ್ನುವ ಮಂತ್ರವಾದಿ ಹೇಳುವ ಮಾತು ಅದು. ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಅವನ ತಪ್ಪು ಹಿಡಿಯೋಣ ಅಂತ ಬರೆಯುತ್ತಿಲ್ಲ. 1937ರ ಆ ಪುಸ್ತಕದಲ್ಲಿ ನಿಜವಾಗಿ ಇರುವ ಒಂದು ಜಾಗ ನನಗೆ ಇದಕ್ಕಿಂತ ಜಾಸ್ತಿ ಹತ್ತಿರ, ಅದನ್ನು ಹೇಳಬೇಕು ಅನ್ನಿಸಿತು. ಕಥೆಯ ನಾಯಕ ಬಿಲ್ಬೋ, ಡ್ರ್ಯಾಗನ್ ಮಲಗಿರುವ ಬೆಟ್ಟದೊಳಗೆ ಸುರಂಗದಲ್ಲಿ ಇಳಿಯುತ್ತಾನೆ. ಜೊತೆಗೆ ಬಂದ ಕುಬ್ಜರೆಲ್ಲ ಬಾಗಿಲ ಬಳಿಯೇ ಉಳಿಯುತ್ತಾರೆ. ಬಾಲಿನ್ ಒಬ್ಬ ಸ್ವಲ್ಪ ದೂರ ಬರುತ್ತಾನೆ, ಅಷ್ಟೇ. ಆಮೇಲೆ ಬಿಲ್ಬೋ ಒಬ್ಬನೇ. ದೂರದಲ್ಲಿ ಕೆಂಪು ಬೆಳಕು. ದೊಡ್ಡ ಪಾತ್ರೆ ಕುದಿಯುವ ಸದ್ದು, ಅದರ ಜೊತೆ ಒಂದು ಭಾರಿ ಗಂಡುಬೆಕ್ಕು ಗುರುಗುಟ್ಟಿದ ಹಾಗೆ ಇನ್ನೊಂದು ಸದ್ದು. ಬಿಲ್ಬೋ ಅಲ್ಲಿ ನಿಂತುಬಿಡುತ್ತಾನೆ. ಆಮೇಲೆ ಮತ್ತೆ ನಡೆಯುತ್ತಾನೆ. ಅವನ ಬದುಕಿನಲ್ಲೇ ದೊಡ್ಡ ಧೈರ್ಯದ ಕೆಲಸ ಅಂದರೆ ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಟ್ಟದ್ದು, ನಿಜವಾದ ಯುದ್ಧವನ್ನು ಅವನು ಆ ಸುರಂಗದಲ್ಲೇ ಒಬ್ಬನೇ ಮಾಡಿ ಮುಗಿಸಿದ್ದ ಅನ್ನುತ್ತಾರೆ ಟೋಲ್ಕಿನ್. ಡ್ರ್ಯಾಗನ್ ಇನ್ನೂ ಕಣ್ಣಿಗೆ ಬಿದ್ದಿಲ್ಲ ನೋಡಿ.

ಹೋದ ವರ್ಷ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಅಣ್ಣ ಇನ್ನೂ ವಿಮಾನದಲ್ಲಿದ್ದ. ಕಾಗದಕ್ಕೆ ಸಹಿ ಹಾಕಲು ಬನ್ನಿ ಅಂತ ಬೆಳಗಿನ ಜಾವ ಕರೆದರು. ಉದ್ದ ಕಾರಿಡಾರ್, ಒಂದು ಲೈಟು ಬಿಟ್ಟು ಒಂದು ಲೈಟು ಉರಿಯುತ್ತಿತ್ತು. ಅರ್ಧ ದಾರಿಯಲ್ಲಿ ನನ್ನ ಕಾಲು ನಿಂತುಹೋಯಿತು. ಎಷ್ಟು ಹೊತ್ತು ನಿಂತಿದ್ದೆ ಗೊತ್ತಿಲ್ಲ. ಆಮೇಲೆ ನಡೆದೆ. ಆ ಹೊತ್ತಿಗೆ ಈ ಪುಸ್ತಕ ನೆನಪಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನೆನಪಾದದ್ದು ಮೂರು ವಾರ ಬಿಟ್ಟು, ಮನೆಯಲ್ಲಿ ಪಾತ್ರೆ ತೊಳೆಯುವಾಗ. ಓ, ಅದು ಸುರಂಗ ಅಲ್ವಾ ಅಂತ.

ಒಂದೇ ಒಂದು ವಿನಂತಿ. ಸುಮ್ನೆ ಸಾಲು ಹಾಕಿ ಹೋಗಬೇಡಿ. ಆ ಮಾತನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಅದಕ್ಕೆ ಅವರು ಏನು ತೆತ್ತರು, ಅದನ್ನೂ ಬರೆಯಿರಿ.

ಹಳೇಬಸ್ಸು

ಅಕ್ಕ, ಅಪ್ಪ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ.

ನನ್ನದು ಎಲ್ಲರಿಗೂ ಗೊತ್ತಿರುವ ಮಾತೇ. ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಮೊದಲ ಪುಸ್ತಕ, 1996ರದ್ದು. ಹೆದರಿದವನು ಧೈರ್ಯವಂತ ಆಗಬಹುದಾ ಅಂತ ಬ್ರ್ಯಾನ್ ಕೇಳುತ್ತಾನೆ. ಆಗ ಮಾತ್ರ ಆಗಲು ಸಾಧ್ಯ ಅನ್ನುತ್ತಾನೆ ಅಪ್ಪ ನೆಡ್ ಸ್ಟಾರ್ಕ್. ಟೀ ಶರ್ಟ್ ಮೇಲೆ, ಜಿಮ್ ಗೋಡೆ ಮೇಲೆ ಎಲ್ಲ ಕಡೆ ಇದೆ.

ಆದರೆ ನೀವು ಕೇಳಿದ ಹಾಗೆ ಯಾವಾಗ ಅಂತ ನೋಡಿ. ಬ್ರ್ಯಾನ್‌ಗೆ 7 ವರ್ಷ. ಮನುಷ್ಯನೊಬ್ಬನ ತಲೆ ಹೋಗುವುದನ್ನು ಅವತ್ತೇ ಮೊದಲ ಸಲ ನೋಡಿದ್ದಾನೆ. ಕಡಿದವನು ಅಪ್ಪನೇ. ಸತ್ತವನು ಉತ್ತರದ ಗೋಡೆ ಕಾಯುವ ಪಡೆಯಿಂದ ಓಡಿಬಂದವನು. ವಾಪಸ್ ಬರುವಾಗ ರಾಬ್ ಹೇಳುತ್ತಾನೆ, ಅವನು ಧೈರ್ಯವಾಗಿ ಸತ್ತ ಅಂತ. ಜಾನ್ ಹೇಳುತ್ತಾನೆ, ಅಲ್ಲ, ಕಣ್ಣು ನೋಡಲಿಲ್ವಾ, ಅವನು ಹೆದರಿಕೆಯಿಂದ ಆಗಲೇ ಸತ್ತುಹೋಗಿದ್ದ ಅಂತ. ಇಬ್ಬರು ಅಣ್ಣಂದಿರೂ ಒಂದೇ ಮುಖ ನೋಡಿ ಎರಡು ಮಾತು ಹೇಳಿದ್ದಾರೆ. ಪುಟ್ಟ ಹುಡುಗನಿಗೆ ಯಾವುದು ನಿಜ ಅಂತ ಗೊತ್ತಾಗದೆ ಅಪ್ಪನನ್ನು ಕೇಳುತ್ತಾನೆ.

ಇನ್ನೊಂದು. ಆ ಮನುಷ್ಯ ಕಾಡಿನಲ್ಲಿ ಏನು ನೋಡಿ ಓಡಿಬಂದ ಅಂತ ಓದುವ ನಮಗೆ ಗೊತ್ತು, ಮೊದಲ ಅಧ್ಯಾಯದಲ್ಲೇ ತೋರಿಸಿದ್ದಾರೆ. ನೆಡ್‌ಗೆ ಗೊತ್ತಿಲ್ಲ. ಅಂದರೆ ಧೈರ್ಯದ ಬಗ್ಗೆ ಈ ಪುಸ್ತಕದ ಮೊದಲ ಪಾಠ ಬರುವುದು ನಿಜವನ್ನೇ ಕಂಡು ಹೆದರಿದ ಒಬ್ಬ ಮನುಷ್ಯನ ಹೆಣದ ಪಕ್ಕದಲ್ಲಿ. ನೆಡ್ ಒಳ್ಳೆಯ ಅಪ್ಪ, ಹೇಳಿದ್ದು ಒಳ್ಳೆಯ ಮಾತು, ಆದರೂ ಅವತ್ತು ಅವನು ಕೇಳಿಸಿಕೊಳ್ಳಬೇಕಾದ ಸುದ್ದಿಯನ್ನು ಕೇಳಿಸಿಕೊಳ್ಳಲಿಲ್ಲ. ಎರಡೂ ಒಟ್ಟಿಗೆ ನಿಜ. ಅದಕ್ಕೇ ಈ ಸಾಲು ನನ್ನನ್ನು ಬಿಡುವುದಿಲ್ಲ.

ಈ ಮಾತನ್ನು ನಮ್ಮ ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದೆ. ಅಡಿಕೆ ಕತ್ತರಿಸುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: “ಹೆದರಿಕೆ ಇಲ್ಲದವನಿಗೆ ಧೈರ್ಯ ಯಾತಕ್ಕೆ ಬೇಕೋ?” ಅಷ್ಟೇ.

ನೀಲಿಶಾಯಿ

ಅಜ್ಜಿಗೆ ನಮಸ್ಕಾರ.

ನೆಡ್ ಬಗ್ಗೆ ನನಗೆ ಬೇರೆ ಅಭಿಪ್ರಾಯ ಇದೆ. ಅವನ ಆನರ್ ಅನ್ನು ಎಲ್ಲರೂ ಹೊಗಳುತ್ತಾರೆ. ರಾಣಿ ಸರ್ಸೆಯ ಮಕ್ಕಳು ರಾಜನಿಗೆ ಹುಟ್ಟಿದವರಲ್ಲ ಅನ್ನುವ ಗುಟ್ಟು ಗೊತ್ತಾದ ಮೇಲೆ ಅವನು ಏನು ಮಾಡಿದ? ನೇರವಾಗಿ ಅವಳ ಹತ್ತಿರವೇ ಹೋಗಿ, ನನಗೆಲ್ಲ ಗೊತ್ತಾಗಿದೆ, ರಾಜನಿಗೆ ಹೇಳುತ್ತೇನೆ, ಅಷ್ಟರಲ್ಲಿ ಮಕ್ಕಳನ್ನು ಕರೆದುಕೊಂಡು ದೂರ ಹೋಗಿಬಿಡು ಅಂದ. ಅವಳ ಮಕ್ಕಳ ಜೀವ ಉಳಿಯಲಿ ಅಂತ. ಒಳ್ಳೆಯತನವೇ. ಆದರೆ ಅದರ ಬೆಲೆ ಕೊಟ್ಟವರು ಯಾರು? ಅವನ ಮನೆಯಲ್ಲಿ ಕೆಲಸಕ್ಕಿದ್ದವರು, ಕಾವಲಿನವರು, ಮಗಳು ಸಾನ್ಸಾಳಿಗೆ ಪಾಠ ಹೇಳುತ್ತಿದ್ದ ಹೆಂಗಸು. ಅವರನ್ನು ಯಾರೂ ಕೇಳಿರಲಿಲ್ಲ. ಯಜಮಾನನ ಮರ್ಯಾದೆಗೆ ಆಳುಗಳು ಸಾಯುವ ಕಥೆ ನಮ್ಮ ಊರುಕೇರಿಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅದನ್ನು ಧೈರ್ಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಡಲತೀರ

ನೀಲಿಶಾಯಿ ಅವರೇ, ನೀವು ಹೇಳಿದ್ದು ನಿಜ. ಪುಸ್ತಕವೂ ಅದನ್ನು ಮುಚ್ಚಿಡುವುದಿಲ್ಲ. ಆದರೆ ನೆಡ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಗೆ ಅವನು ಇಡೀ ಊರಿನ ಎದುರು ನಿಂತು ನಾನು ದ್ರೋಹಿ ಅಂತ ಸುಳ್ಳು ಒಪ್ಪಿಕೊಳ್ಳುತ್ತಾನೆ. ಮಗಳು ಸಾನ್ಸಾಳ ಜೀವ ಉಳಿಯಲಿ ಅಂತ. ಬದುಕಿಡೀ ಕಾಪಾಡಿಕೊಂಡು ಬಂದ ಹೆಸರನ್ನು ಒಂದು ನಿಮಿಷದಲ್ಲಿ ಕೈಬಿಟ್ಟ. ಜನ ಕಲ್ಲು ಹೊಡೆದರು. ಅವನು ಮಾಡಿದ ಅತಿ ದೊಡ್ಡ ಧೈರ್ಯದ ಕೆಲಸ ನನ್ನ ಪ್ರಕಾರ ಅದೇ, ಅದರಲ್ಲಿ ಅವನು ಹೇಳಿದ್ದು ಸುಳ್ಳು.

ಇದಕ್ಕೆ ಜೋಡಿ ಜೇಮಿ ಲ್ಯಾನಿಸ್ಟರ್. ಮೂರನೇ ಪುಸ್ತಕ, 2000ದ್ದು. (ಓದದವರು ಈ ಪ್ಯಾರಾ ದಾಟಿ ಮುಂದೆ ಹೋಗಿ.) ರಾಜನನ್ನು ಕಾಯುತ್ತೇನೆ ಅಂತ ಪ್ರಮಾಣ ಮಾಡಿದವನು ಅದೇ ರಾಜನನ್ನು ಕೊಂದ. ಅವತ್ತಿನಿಂದ ಎಲ್ಲರೂ ಅವನನ್ನು ರಾಜಘಾತಕ ಅಂತಲೇ ಕರೆಯುತ್ತಾರೆ. ಯಾಕೆ ಕೊಂದೆ ಅಂತ ಒಬ್ಬರೂ ಕೇಳಲಿಲ್ಲ. ಆ ಹುಚ್ಚು ರಾಜ ಊರಿನ ಕೆಳಗೆಲ್ಲ ಬೆಂಕಿಮದ್ದು ಹೂತಿಡಿಸಿದ್ದ, ಸೋಲುವ ಹೊತ್ತು ಬಂದಾಗ ಲಕ್ಷಾಂತರ ಜನರ ಸಮೇತ ಊರನ್ನೇ ಸುಡು ಅಂದಿದ್ದ. ಜೇಮಿಗೆ ಆಗ 17 ವರ್ಷ. ಇದನ್ನೆಲ್ಲ ಅವನು ಮೊದಲ ಸಲ ಬಾಯಿ ಬಿಟ್ಟು ಹೇಳುವುದು ಎಷ್ಟೋ ವರ್ಷ ಆದ ಮೇಲೆ, ಕೈ ಕಳೆದುಕೊಂಡು, ಜ್ವರದಲ್ಲಿ, ಸ್ನಾನದ ತೊಟ್ಟಿಯಲ್ಲಿ ಕೂತು, ತನ್ನನ್ನು ಕಂಡರೆ ಆಗದ ಬ್ರಿಯೆನ್ ಅನ್ನುವ ಯೋಧೆಯ ಎದುರು.

ಅದಕ್ಕೂ ಮೊದಲು, ಎರಡನೇ ಪುಸ್ತಕದಲ್ಲಿ ಕೈಕೋಳ ಹಾಕಿಸಿಕೊಂಡು ಕತ್ತಲ ಕೋಣೆಯಲ್ಲಿದ್ದಾಗ ಅವನು ಒಂದು ಮಾತು ಹೇಳಿರುತ್ತಾನೆ. ಎಷ್ಟೊಂದು ಪ್ರಮಾಣ ಮಾಡಿಸಿಕೊಳ್ಳುತ್ತಾರೆ, ರಾಜನ ಮಾತು ಕೇಳು, ಅಪ್ಪನ ಮಾತು ಕೇಳು, ಅಮಾಯಕರನ್ನು ಕಾಪಾಡು, ಅಪ್ಪ ರಾಜನನ್ನು ದ್ವೇಷಿಸಿದರೆ ಏನು ಮಾಡಲಿ, ರಾಜನೇ ಅಮಾಯಕರನ್ನು ಕೊಂದರೆ ಏನು ಮಾಡಲಿ ಅಂತ. ಓದುವಾಗ ಅದು ಕುಡಿದವನ ಕುಯುಕ್ತಿ ಅನ್ನಿಸಿತ್ತು. ಸ್ನಾನದ ತೊಟ್ಟಿಯ ಅಧ್ಯಾಯ ಓದಿದ ಮೇಲೆ ಹಿಂದಕ್ಕೆ ಹೋಗಿ ಅದೇ ಪುಟ ಮತ್ತೆ ಓದಿದೆ. ಈ ಸಲ ಅದು ಬೇರೆಯದೇ ಪುಟ.

ಮೊದಲಸಲ_ಓದುವವ

ನಾನಿನ್ನೂ ಎರಡನೇ ಪುಸ್ತಕದಲ್ಲಿದ್ದೇನೆ. ಪ್ಯಾರಾ ದಾಟಿ ಹೋಗಿ ಅಂದದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಜವಾಗಿ ದಾಟಿದೆ.

ಹಳೇಬಸ್ಸು

ಇಲ್ಲಿ ಒಂದು ಪದದ ಪ್ರಶ್ನೆ ಇದೆ. ಆನರ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಗೌರವ, ಮರ್ಯಾದೆ, ಮಾನ, ಇವೆಲ್ಲ ನಾಲ್ಕು ಜನ ಕೊಡುವಂಥವು. ಕೊಟ್ಟವರು ಕಿತ್ತುಕೊಳ್ಳಲೂಬಹುದು. “ಮರ್ಯಾದೆ ಹೋಯ್ತು” ಅಂದರೆ ನೋಡಿದವರು ಇದ್ದರು ಅಂತಲೇ ಅರ್ಥ. ಯಾರೂ ನೋಡದೆ ಇದ್ದರೆ ಮರ್ಯಾದೆ ಹೋಗುವುದೇ ಇಲ್ಲ.

ನನಗೆ ಹತ್ತಿರ ಅನ್ನಿಸುವುದು ನಿಯತ್ತು. ನಿಯತ್ತಿನ ಮನುಷ್ಯ ಅಂತ ಹಳ್ಳಿಯಲ್ಲಿ ಹೇಳುತ್ತಾರಲ್ಲ. ನಾಯಿಗೂ ಹೇಳುತ್ತಾರೆ. ಅದಕ್ಕೆ ಸಾಕ್ಷಿ ಬೇಡ. ಜೇಮಿಗೆ ಮರ್ಯಾದೆ ಹೋಯಿತು, ಆದರೆ ಆ ಒಂದು ದಿನ ಅವನಲ್ಲಿ ನಿಯತ್ತು ಇತ್ತು, ಊರಿನ ಬಗ್ಗೆ. ನೆಡ್ ಕೊನೆಯ ದಿನ ಮರ್ಯಾದೆ ಬಿಟ್ಟು ಮಗಳ ಮೇಲಿನ ನಿಯತ್ತು ಉಳಿಸಿಕೊಂಡ. ಹೀಗೆ ಎರಡು ಪದ ಬೇರೆ ಮಾಡಿಕೊಂಡರೆ ಈ ಪುಸ್ತಕದ ಅರ್ಧ ಗಂಟು ಬಿಚ್ಚುತ್ತದೆ.

ನೀಲಿಶಾಯಿ

ನಿಯತ್ತು! ಹೌದು. ಇಂಗ್ಲಿಷಿನಲ್ಲಿ ಓದುವಾಗ ಎರಡಕ್ಕೂ ಒಂದೇ ಪದ ಇರುವುದರಿಂದ ನನಗೆ ಸಿಟ್ಟು ಬರುತ್ತಿತ್ತೇನೋ. ನೆಡ್‌ನ ಆಳುಗಳ ಬಗ್ಗೆ ನಾನು ಹೇಳಿದ್ದು ಮಾತ್ರ ಹಾಗೇ ಇದೆ. ಅವರ ಮೇಲೂ ಅವನಿಗೆ ನಿಯತ್ತು ಇರಬೇಕಿತ್ತು.

ಅಂಗಳದ_ಮಲ್ಲಿಗೆ

ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ನೀವೆಲ್ಲ ಹೇಳುವ ದಪ್ಪ ಪುಸ್ತಕಗಳಲ್ಲಿ ಟೋಲ್ಕಿನ್ ಬಿಟ್ಟು ಬೇರೆ ಓದಿಲ್ಲ. ಆದರೆ ಪ್ರಮಾಣ, ನಿಯತ್ತು ಅಂತ ಬಂದಾಗ ಗೋವಿನ ಹಾಡು ಹೇಳದೆ ಇರಲು ಆಗುವುದಿಲ್ಲ. ಹಸು ಮಾತಾಡುತ್ತದೆ, ಹುಲಿ ಮಾತಾಡುತ್ತದೆ, ಇದೂ ಫ್ಯಾಂಟಸಿಯೇ ಅಲ್ವಾ?

ಕಥೆ ನಿಮಗೆಲ್ಲ ಗೊತ್ತು. ಅರ್ಬುತ ಅನ್ನುವ ಹುಲಿಗೆ ಪುಣ್ಯಕೋಟಿ ಸಿಗುತ್ತಾಳೆ. ಕರುವಿಗೆ ಹಾಲು ಕುಡಿಸಿ ಬರುತ್ತೇನೆ ಅಂತ ಮಾತು ಕೊಟ್ಟು ದೊಡ್ಡಿಗೆ ಹೋಗುತ್ತಾಳೆ. ಕ್ಲಾಸಿನಲ್ಲಿ ಇದನ್ನು ಹೇಳಿ ಮುಗಿಸಿದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ: “ಟೀಚರ್, ಹುಲಿ ಕಾಡಲ್ಲಿ ಇತ್ತು, ಹಸು ಮನೇಲಿತ್ತು. ಹುಲಿ ನೋಡ್ತಾನೇ ಇರ್ಲಿಲ್ಲ. ಮತ್ತೆ ಯಾಕೆ ವಾಪಸ್ ಹೋಯ್ತು?” ನನಗೆ ತಟ್ಟನೆ ಉತ್ತರ ಬರಲಿಲ್ಲ. ಸತ್ಯಕ್ಕೆ ತಪ್ಪಬಾರದು ಅಂತ ಪುಸ್ತಕದ ಉತ್ತರ ಕೊಟ್ಟೆ. ಅವನ ಮುಖ ನೋಡಿದರೆ ಅವನಿಗೆ ಅದು ಸಾಲಲಿಲ್ಲ ಅಂತ ಗೊತ್ತಾಗುತ್ತಿತ್ತು.

ಈಗ ರಾತ್ರಿಪಾಳಿ ಅವರ ಸುರಂಗ ಓದಿದಾಗ ಅವನ ಪ್ರಶ್ನೆಯೇ ನೆನಪಾಯಿತು. ಹುಲಿ ಎದುರು ನಿಂತಾಗಲ್ಲ, ದೊಡ್ಡಿಯಿಂದ ಕಾಡಿಗೆ ವಾಪಸ್ ನಡೆಯುವ ಆ ದಾರಿಯಲ್ಲಿ ಪುಣ್ಯಕೋಟಿಯ ಧೈರ್ಯ ಇರುವುದು. ಹಾಡಿನಲ್ಲಿ ಆ ದಾರಿಗೆ ಜಾಸ್ತಿ ಸಾಲು ಇಲ್ಲ. ಹೊರಡುವ ಮೊದಲು ಅಕ್ಕತಂಗಿಯರಿಗೆ ಕರುವನ್ನು ಒಪ್ಪಿಸುವ ಸಾಲುಗಳಿವೆ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ. ಅದನ್ನು ಹೇಳುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ. ನೀಲಿಶಾಯಿ ಅವರು ಕೇಳಿದ ಪ್ರಶ್ನೆಗೆ ಈ ಹಸು ಉತ್ತರ ಕೊಟ್ಟಿದೆ ಅನ್ನಿಸುತ್ತದೆ. ತನ್ನ ಮಾತಿನ ಬೆಲೆಯನ್ನು ಕರು ಕೊಡಬೇಕಾಗುತ್ತದೆ ಅಂತ ಅವಳಿಗೆ ಗೊತ್ತು. ಅದಕ್ಕೇ ಹೋಗುವ ಮುಂಚೆ ಒಂದು ವ್ಯವಸ್ಥೆ ಮಾಡುತ್ತಾಳೆ.

ದೋಸೆಹಂಚು

ಟೀಚರ್, ನಿಮ್ಮ ಹಸುವಿಗೆ ಇನ್ನೊಂದು ಹಸು ಜೋಡಿ ಕೊಡುತ್ತೇನೆ.

ಟೆರ್ರಿ ಪ್ರಾಟ್ಚೆಟ್ ಅವರ ‘ಥಡ್!’, 2005ರದ್ದು. ಸ್ಯಾಮ್ ವೈಮ್ಸ್ ಅಂತ ಊರ ಕಾವಲು ಪಡೆಯ ಮುಖ್ಯಸ್ಥ. ಬಡತನದಲ್ಲಿ ಬೆಳೆದವನು, ಕುಡಿತ ಬಿಟ್ಟವನು, ಸಿಟ್ಟಿನ ಮನುಷ್ಯ. ಅವನಿಗೆ ಒಬ್ಬ ಪುಟ್ಟ ಮಗ. ದಿನಾ ಸಂಜೆ 6 ಗಂಟೆಗೆ ಮನೆಗೆ ಬಂದು ಮಗನಿಗೆ ಒಂದು ಚಿತ್ರಪುಸ್ತಕ ಓದಬೇಕು. ಪುಸ್ತಕದ ಹೆಸರು ‘ನನ್ನ ಹಸು ಎಲ್ಲಿ?’ ಅಂತ. ಕುರಿ ಬರುತ್ತದೆ, ಬ್ಯಾ ಅನ್ನುತ್ತದೆ, ಇದು ನನ್ನ ಹಸು ಅಲ್ಲ. ಅಷ್ಟೇ ಕಥೆ. ಊರಲ್ಲಿ ಗಲಭೆ ಏಳಲಿ, ಕೊಲೆ ಆಗಲಿ, 6 ಗಂಟೆ ಅಂದರೆ 6 ಗಂಟೆ. ಯಾಕೆ ಅಷ್ಟು ಹಟ ಅಂದರೆ, ಒಳ್ಳೆಯ ಕಾರಣಕ್ಕೆ ಒಂದು ದಿನ ತಪ್ಪಿಸಿದರೆ ಆಮೇಲೆ ಕೆಟ್ಟ ಕಾರಣಕ್ಕೂ ತಪ್ಪಿಸುತ್ತೇನೆ ಅಂತ ಅವನಿಗೆ ತನ್ನ ಬಗ್ಗೆಯೇ ಗೊತ್ತು.

ಕಥೆ ಮುಂದೆ ಹೋಗಿ ಒಂದು ದಿನ ಅವನು ಮನೆಯಿಂದ ದೂರ, ನೆಲದ ಕೆಳಗಿನ ಗುಹೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಗಾಯ ಆಗಿದೆ. ಸಿಟ್ಟು ತಲೆಗೇರಿದೆ, ಸಿಟ್ಟನ್ನೇ ತಿಂದು ಬದುಕುವ ಒಂದು ಶಕ್ತಿ ಅವನೊಳಗೆ ಹೊಕ್ಕಿದೆ, ಕಂಡವರನ್ನು ಕೊಲ್ಲು ಅಂತ ದೂಡುತ್ತಿದೆ. ಆ ಹೊತ್ತಿನಲ್ಲಿ ಅವನ ಬಾಯಿಂದ ಬರುವುದು ಯುದ್ಧದ ಕೂಗಲ್ಲ. ನನ್ನ ಹಸು ಎಲ್ಲಿ, ಇದು ನನ್ನ ಹಸುವಾ, ಅಂತ ಕೂಗುತ್ತಾ ನುಗ್ಗುತ್ತಾನೆ. ಮೊದಲ ಸಲ ಓದಿದಾಗ ಜೋರಾಗಿ ನಕ್ಕೆ. ಎರಡು ಪುಟ ಕಳೆದ ಮೇಲೆ ಅಳು ಬಂತು. ಆರು ಗಂಟೆಯ ಆ ಮಾತೇ ಅವನನ್ನು ಕೊಲೆಗಾರ ಆಗದಂತೆ ಹಿಡಿದು ನಿಲ್ಲಿಸುವುದು.

ಪ್ರಾಟ್ಚೆಟ್ ನಗಿಸುವ ಬಗೆಯೇ ಹೀಗೆ. 1993ರ ಒಂದು ಪುಸ್ತಕದಲ್ಲಿ ಇದೇ ವೈಮ್ಸ್ ಬೂಟಿನ ಲೆಕ್ಕ ಹಾಕುತ್ತಾನೆ. ಸಂಬಳ ತಿಂಗಳಿಗೆ 38 ಡಾಲರ್. ಒಳ್ಳೆಯ ಚರ್ಮದ ಬೂಟು 50 ಡಾಲರ್, ವರ್ಷಗಟ್ಟಲೆ ಬಾಳುತ್ತದೆ. ಅವನ ಕೈಗೆಟುಕುವುದು 10 ಡಾಲರಿನ ಬೂಟು, ಒಂದೆರಡು ಋತುವಿಗೆ ತಳ ಹೋಗುತ್ತದೆ. ಹತ್ತು ವರ್ಷದಲ್ಲಿ ಬಡವ 100 ಡಾಲರ್ ಖರ್ಚು ಮಾಡಿರುತ್ತಾನೆ, ಆದರೂ ಕಾಲು ಒದ್ದೆಯೇ. ಪ್ರತಿ ಮಳೆಗಾಲಕ್ಕೆ ಮೊದಲು ಮೂರು ಮಕ್ಕಳಿಗೆ ರಬ್ಬರ್ ಚಪ್ಪಲಿ ತರುತ್ತಿದ್ದ ನಮ್ಮಮ್ಮನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ ಬಡವರ ಅಡುಗೆಮನೆ ಸಾಮಾನಿನ ಬೆಲೆ ಏರಿಕೆ ತೋರಿಸುವ ಒಂದು ಸೂಚ್ಯಂಕಕ್ಕೆ ವೈಮ್ಸ್ ಬೂಟಿನ ಹೆಸರನ್ನೇ ಇಟ್ಟರು.

ಬರೆದವರ ಬದುಕಿನದ್ದೂ ಹೇಳಿಬಿಡುತ್ತೇನೆ. 2007ರಲ್ಲಿ ಅವರಿಗೆ ಆಲ್‌ಝೈಮರ್ ಕಾಯಿಲೆಯ ಒಂದು ಬಗೆ ಇದೆ ಅಂತ ಗೊತ್ತಾಯಿತು. ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಟೈಪ್ ಮಾಡಲು ಆಗದೆ ಹೋದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಪುಸ್ತಕ ಬರುತ್ತಲೇ ಇತ್ತು.

ಅಂಗಳದ_ಮಲ್ಲಿಗೆ

ಎರಡು ಹಸುಗಳೂ ಒಂದೇ ದೊಡ್ಡಿಯವು ಅನ್ನಿಸಿತು. ಎರಡರಲ್ಲೂ ಒಂದು ಮಗು ಕಾಯುತ್ತಿದೆ. ಈ ಪುಸ್ತಕ ಹುಡುಕುತ್ತೇನೆ.

ಗುಡ್ಡದಾಚೆ

ತಡವಾಗಿ ಬಂದೆ. ಟೋಲ್ಕಿನ್ ಬಗ್ಗೆ ಇನ್ನೂ ಒಂದಿಷ್ಟು ಹೇಳುವುದಿದೆ.

ಈ ಮನುಷ್ಯ ಧೈರ್ಯದ ಬಗ್ಗೆ ಕೂತಲ್ಲೇ ಯೋಚಿಸಿ ಬರೆದವರಲ್ಲ. 1916ರಲ್ಲಿ, 24ನೇ ವಯಸ್ಸಿಗೆ, ಫ್ರಾನ್ಸಿನ ಸೋಮ್ ಯುದ್ಧದಲ್ಲಿದ್ದರು. ಹೇನಿನಿಂದ ಹರಡುವ ಟ್ರೆಂಚ್ ಜ್ವರ ಹಿಡಿದು ಆ ನವೆಂಬರ್‌ನಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದರು, ಅದೇ ಅವರ ಜೀವ ಉಳಿಸಿತು ಅನ್ನಬೇಕು. ಶಾಲೆಯಲ್ಲಿ ಜೊತೆಗಿದ್ದ ಆಪ್ತ ಗೆಳೆಯರಲ್ಲಿ ಒಬ್ಬ ಸೋಮ್ ಯುದ್ಧದ ಮೊದಲ ದಿನವೇ, ಜುಲೈ 1ಕ್ಕೆ, ಸತ್ತ. ಇನ್ನೊಬ್ಬ ಅದೇ ಡಿಸೆಂಬರ್‌ನಲ್ಲಿ. 1918ರ ಹೊತ್ತಿಗೆ ನನ್ನ ಹತ್ತಿರದ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ತೀರಿಹೋಗಿದ್ದರು ಅಂತ ಅವರೇ ‘ಲಾರ್ಡ್ ಆಫ್ ದ ರಿಂಗ್ಸ್’ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಬರೆದಿದ್ದಾರೆ. ಇಂಥ ಕಾಲ ನನ್ನ ಪಾಲಿಗೆ ಬರಬಾರದಿತ್ತು ಅಂತ ಆ ಕಥೆಯ ನಾಯಕ ಫ್ರೋಡೋ ಹೇಳಿದಾಗ, ಇಂಥ ಕಾಲ ನೋಡಬೇಕಾಗಿ ಬಂದ ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಅಂತ ಗ್ಯಾಂಡಾಲ್ಫ್ ಹೇಳುತ್ತಾನಲ್ಲ, ಆ ಉತ್ತರದ ಹಿಂದೆ ಈ ಹುಡುಗರೆಲ್ಲ ನಿಂತಿದ್ದಾರೆ. ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಇನ್ನೊಂದು ಸುರಂಗದ ವಿಷಯ. ಡ್ರ್ಯಾಗನ್ ಸುರಂಗಕ್ಕೆ ಬಹಳ ಮೊದಲು ಬಿಲ್ಬೋ, ಗೊಲ್ಲಮ್ ಅನ್ನುವ ಜೀವಿ ಇರುವ ಗುಹೆಯಲ್ಲಿ ಸಿಕ್ಕಿಬೀಳುತ್ತಾನೆ. ಹಾಕಿಕೊಂಡವರನ್ನು ಮಾಯ ಮಾಡುವ ಉಂಗುರ ಹಾಕಿದ್ದಾನೆ, ಗೊಲ್ಲಮ್ ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ಕತ್ತಿ ಇದೆ. ಗೊಲ್ಲಮ್ ಕೈಯಲ್ಲಿ ಏನೂ ಇಲ್ಲ, ದಾರಿಗೆ ಅಡ್ಡ ಕೂತಿದ್ದಾನೆ. ತಿವಿದರೆ ಮುಗಿಯಿತು. ಆ ಹೊತ್ತಿಗೆ ಬಿಲ್ಬೋಗೆ ಅವನ ಬದುಕು ಕಣ್ಣಿಗೆ ಕಟ್ಟುತ್ತದೆ, ಬೆಳಕಿಲ್ಲದ, ನಾಳೆ ಇಲ್ಲದ, ತಣ್ಣನೆಯ ಕಲ್ಲು ಮತ್ತು ಮೀನು. ಕರುಣೆ ಬರುತ್ತದೆ. ತಿವಿಯದೆ ಅವನ ತಲೆಯ ಮೇಲಿಂದ ಹಾರಿ ಓಡುತ್ತಾನೆ.

ಇದು 1937ರ ಮೊದಲ ಮುದ್ರಣದಲ್ಲಿ ಇರಲಿಲ್ಲ ಗೊತ್ತಾ? ಅದರಲ್ಲಿ ಗೊಲ್ಲಮ್ ಒಗಟಿನ ಪಂದ್ಯದಲ್ಲಿ ಸೋತು, ಉಂಗುರ ಕೊಡಲು ಸಿಗದೆ, ಬಿಲ್ಬೋಗೆ ದಾರಿ ತೋರಿಸಿ ಕಳಿಸುತ್ತಾನೆ. ಮುಂದಿನ ದೊಡ್ಡ ಕಥೆ ಬರೆಯುತ್ತಾ ಹೋದಾಗ ಉಂಗುರ ಹಾಗೆ ಸುಲಭವಾಗಿ ಬಿಟ್ಟುಕೊಡುವಂಥದ್ದಲ್ಲ ಅಂತ ಟೋಲ್ಕಿನ್‌ಗೆ ಗೊತ್ತಾಗಿ, ಹಿಂದಕ್ಕೆ ಹೋಗಿ ಅಧ್ಯಾಯ ತಿದ್ದಿದರು. ತಿದ್ದಿದ ರೂಪ 1951ರಲ್ಲಿ ಬಂತು. ಆ ಕರುಣೆಯ ಮೇಲೇ ಆಮೇಲಿನ ಮೂರು ಸಂಪುಟ ನಿಂತಿವೆ. ಕೊನೆಯಲ್ಲಿ ಉಂಗುರವನ್ನು ಸುಟ್ಟು ನಾಶ ಮಾಡಲೆಂದೇ ಬೆಂಕಿಯ ಬಾಯಿಗೆ ಹೋಗಿ ನಿಂತ ಫ್ರೋಡೋ ಅದನ್ನು ಎಸೆಯುವುದಿಲ್ಲ. ಇದು ನನ್ನದು ಅಂದುಬಿಡುತ್ತಾನೆ. ಅಷ್ಟು ನಡೆದು, ಅಷ್ಟು ನೊಂದು, ಕೊನೆಯ ಹೆಜ್ಜೆಯಲ್ಲಿ ಸೋಲುತ್ತಾನೆ. ಉಂಗುರ ಬೆಂಕಿಗೆ ಬೀಳುವುದು ಗೊಲ್ಲಮ್‌ನಿಂದ, ಬಿಲ್ಬೋ ಅವತ್ತು ಕೊಲ್ಲದೆ ಬಿಟ್ಟ ಗೊಲ್ಲಮ್‌ನಿಂದ. ಧೈರ್ಯ ಸಾಕಾಗದೆ ಹೋದ ಜಾಗಕ್ಕೆ ಹಳೆಯ ಕರುಣೆ ಬಂದು ನಿಂತಿತು. ಯುದ್ಧ ನೋಡಿ ಬಂದವರು ಹೀಗೆ ಬರೆದರು ಅನ್ನುವುದು ನನಗೆ ದೊಡ್ಡ ವಿಷಯ.

ಹಳೇಬಸ್ಸು

1951ರ ವಿಷಯ ಗೊತ್ತಿರಲಿಲ್ಲ. ಎರಡು ಸಲ ಓದಿದೆ ಸರ್.

ಹೆದರಿಕೆಯ ಬಗ್ಗೆ ಇನ್ನೊಂದು. ಉತ್ತರನ ಪೌರುಷ ಒಲೆಯ ಮುಂದೆ ಅಂತ ಗಾದೆ ಇದೆಯಲ್ಲ. ಕುಮಾರವ್ಯಾಸ ಅವನನ್ನು ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂದರೆ ಐನೂರು ವರ್ಷ ದಾಟಿದರೂ ನಗು ನಿಂತಿಲ್ಲ. ಹೆಂಗಸರ ಮುಂದೆ ಕೊಚ್ಚಿಕೊಂಡು ಹೋಗಿ ಸೈನ್ಯ ನೋಡಿದ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಗೋಡೆ ಕಾಯುವ ಪಡೆಗೆ ಸೇರುವ ಸ್ಯಾಮ್ವೆಲ್ ಟಾರ್ಲಿ ಅವನಿಗೆ ಸರಿಯಾಗಿ ಉಲ್ಟಾ. ಅವನು ಬಂದ ಮೊದಲ ದಿನವೇ ನಾನು ಪುಕ್ಕಲ ಅಂತ ಎಲ್ಲರಿಗೂ ಹೇಳಿಬಿಡುತ್ತಾನೆ. ಆಮೇಲೆ ಹಿಮದಲ್ಲಿ, ಅಳುತ್ತಾ, ಗಾಜುಗಲ್ಲಿನ ಚೂರಿ ಹಿಡಿದು, ಯಾರೂ ಕೊಲ್ಲಲಾಗದ ಒಂದನ್ನು ಕೊಲ್ಲುತ್ತಾನೆ. ಅದಾದ ಮೇಲೂ ನಾನು ಪುಕ್ಕಲ ಅಂತಲೇ ಹೇಳುತ್ತಾನೆ. ಅವನ ಮಾತನ್ನು ಯಾರೂ ನಂಬಬಾರದು, ಅವನ ಕೈ ನೋಡಬೇಕು.

ನೀಲಿಶಾಯಿ

ಹಾಗಾದರೆ ನನ್ನ ಸಾಲು ಈಗ ಹಾಕುತ್ತೇನೆ. ನಾಲ್ಕನೇ ಪುಸ್ತಕ, 2005. ಬ್ರಿಯೆನ್ ಒಂದು ಹಳೇ ಹೋಟೆಲಿನಲ್ಲಿದ್ದಾಳೆ, ಅನಾಥ ಮಕ್ಕಳು ನಡೆಸುತ್ತಿರುವುದು. ಮಳೆ. ಏಳು ಜನ ಪುಂಡರು ಬರುತ್ತಾರೆ. ಏಳು ಜನರ ಎದುರು ಗೆಲ್ಲುವ ದಾರಿ ಇಲ್ಲ ಅಂತ ಅವಳಿಗೆ ಗೊತ್ತು. ಹೋಗದೆ ಇರುವ ದಾರಿಯೂ ಇಲ್ಲ ಅಂತಲೂ ಗೊತ್ತು. ಮನಸ್ಸಿನಲ್ಲಿ ಅಷ್ಟೇ ಅಂದುಕೊಂಡು ಮಳೆಗೆ ಇಳಿಯುತ್ತಾಳೆ. ಅವಳನ್ನು ಊರೆಲ್ಲ ಆಡಿಕೊಂಡು ನಕ್ಕಿದ್ದಾರೆ, ಒಬ್ಬರೂ ಅವಳಿಗೆ ನೈಟ್ ಪದವಿ ಕೊಟ್ಟಿಲ್ಲ. ಮರ್ಯಾದೆ ಸಿಗದವಳಲ್ಲಿ ನಿಯತ್ತು. ನೀವು ಪದ ಕೊಟ್ಟಿರಿ, ಅದಕ್ಕೇ ಈಗ ಹೇಳಲು ಬಂತು. ಇಲ್ಲಿ ಅವಳು ಒತ್ತೆ ಇಟ್ಟದ್ದು ತನ್ನ ಜೀವವನ್ನು ಮಾತ್ರ, ಬೇರೆಯವರದ್ದಲ್ಲ.

ಇನ್ನೊಂದು ಹೆಸರು ಹೇಳಿ ನಿಲ್ಲಿಸುತ್ತೇನೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಅರ್ಥ್‌ಸೀ ದ್ವೀಪಗಳ ಕಾದಂಬರಿ ಸರಣಿ ಶುರು ಮಾಡಿದರು, ಮಂತ್ರವಾದಿ ಹುಡುಗನ ಕಥೆ. ಮೂರನೆಯದು 1972ರಲ್ಲಿ ಬಂತು. ಆಮೇಲೆ 18 ವರ್ಷ ಬಿಟ್ಟು, 1990ರಲ್ಲಿ, ಅದೇ ಲೋಕಕ್ಕೆ ವಾಪಸ್ ಬಂದು ‘ಟೆಹಾನು’ ಬರೆದರು. ಅದರಲ್ಲಿ ಕತ್ತಿ ಇಲ್ಲ, ಮಂತ್ರ ಕಡಿಮೆ. ಟೆನಾರ್ ಅನ್ನುವ ವಿಧವೆ, ಆಡು ಮೇಯಿಸುವುದು, ಪಾತ್ರೆ ತೊಳೆಯುವುದು, ಸುಟ್ಟ ಗಾಯದ ಒಂದು ಮಗುವನ್ನು ಸಾಕುವುದು. ಶಕ್ತಿ ಎಲ್ಲ ಕಳೆದುಕೊಂಡ ಮಂತ್ರವಾದಿ ಅವಳ ಮನೆಗೆ ಬರುತ್ತಾನೆ, ಮುಂದೆ ಹೇಗೆ ಬದುಕುವುದು ಅಂತ ಅವನಿಗೆ ಗೊತ್ತಿಲ್ಲ. ಅವಳಿಗೆ ಗೊತ್ತು. ವರ್ಷಗಟ್ಟಲೆ ಅವಳು ಶಕ್ತಿ ಇಲ್ಲದೆಯೇ ಬದುಕಿದವಳು. ನನ್ನ ಅಕ್ಕನಿಗೆ ಈ ಪುಸ್ತಕ ಕೊಟ್ಟೆ, ಫ್ಯಾಂಟಸಿ ಓದುವವಳೇ ಅಲ್ಲ. ವಾಪಸ್ ಕೊಟ್ಟಿಲ್ಲ, ಕೊಡುವುದೂ ಬೇಡ.

ಮೊದಲಸಲ_ಓದುವವ

ಬೈಕಿನ ಹಿಂದೆ ಅಂಟಿಸುತ್ತಾರಲ್ಲ, ಅಲೆಯುವವರೆಲ್ಲ ದಾರಿ ತಪ್ಪಿದವರಲ್ಲ ಅಂತ, ಅದೂ ಟೋಲ್ಕಿನ್ ಅಲ್ವಾ? ಅದು ನಿಜವಾಗಿ ಪುಸ್ತಕದಲ್ಲಿದೆಯಾ?

ಗುಡ್ಡದಾಚೆ

ಇದೆ ತಮ್ಮ. ಆದರೆ ಟೂರಿಗೆ ಹೋಗುವವರ ಬಗ್ಗೆ ಅಲ್ಲ. ಆರಾಗಾರ್ನ್ ಬಗ್ಗೆ ಇರುವ ಪದ್ಯದ ಸಾಲು, ಗ್ಯಾಂಡಾಲ್ಫ್ ಬರೆದಿಟ್ಟ ಕಾಗದದಲ್ಲಿ ಬರುತ್ತದೆ. ಕೆಸರು ಮೆತ್ತಿದ ಬೂಟು ಹಾಕಿಕೊಂಡು ಹೋಟೆಲಿನ ಮೂಲೆಯಲ್ಲಿ ಕೂತಿರುವ ಒಬ್ಬ ಅಪರಿಚಿತ. ಊರಿನವರು ಅವನನ್ನು ಅನುಮಾನದಿಂದ ನೋಡುತ್ತಾರೆ, ಸರಿಯಾದ ಹೆಸರೂ ಗೊತ್ತಿಲ್ಲ. ಆ ಊರಿನ ಸುತ್ತ ವರ್ಷಗಟ್ಟಲೆ ಕಾವಲು ಕಾಯುತ್ತಿರುವವರಲ್ಲಿ ಅವನೂ ಒಬ್ಬ. ಅವರಿಗೆ ಅದು ಗೊತ್ತಿಲ್ಲ, ಅವನು ಹೇಳುವುದೂ ಇಲ್ಲ. ಸ್ಟಿಕ್ಕರ್ ತೆಗೆಯಬೇಡಿ, ಈ ಕಥೆ ಗೊತ್ತಿದ್ದು ಅಂಟಿಸಿಕೊಳ್ಳಿ.

ರಾತ್ರಿಪಾಳಿ

ಎರಡು ರಾತ್ರಿ ಪಾಳಿಯ ಬಿಡುವಿನಲ್ಲಿ ಎಲ್ಲವನ್ನೂ ಓದಿದೆ. ಒಬ್ಬೊಬ್ಬರಿಗೂ ಥ್ಯಾಂಕ್ಸ್. ಹಳೇಬಸ್ಸು ಕೇಳಿದ್ದಿರಿ, ಅಪ್ಪ ಚೆನ್ನಾಗಿದ್ದಾರೆ. ದಿನಾ ಬೆಳಿಗ್ಗೆ ಬೀದಿಯ ತುದಿವರೆಗೆ ನಡೆಯುತ್ತಾರೆ.

ಟೀಚರ್ ಅವರ ಹುಡುಗನ ಪ್ರಶ್ನೆಯನ್ನು ಅಪ್ಪನಿಗೆ ಹೇಳಿದೆ. ಹುಲಿ ನೋಡುತ್ತಿರಲಿಲ್ಲ, ಮತ್ತೆ ಯಾಕೆ ಹೋಯಿತು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರು ನೋಡ್ತಾ ಇತ್ತಲ್ಲ” ಅಂದರು. ಟೀಚರ್, ಇದನ್ನು ಆ ಹುಡುಗನಿಗೆ ಹೇಳಿ.

ಆಮೇಲೆ ನೀನು ಏನೋ ಡ್ರ್ಯಾಗನ್ ಪುಸ್ತಕ ಓದುತ್ತಿದ್ದೀಯಲ್ಲ, ಅದರಲ್ಲೇನಿದೆ ಅಂತ ಕೇಳಿದರು. ಮೊದಲಿನಿಂದ ಹೇಳಲು ಶುರು ಮಾಡಿದ್ದೇನೆ, ಊಟ ಆದ ಮೇಲೆ ದಿನಕ್ಕೆ ಅರ್ಧ ಗಂಟೆ, ಪಾಳಿ ಇದ್ದ ದಿನ ಫೋನಿನಲ್ಲಿ. ನಿನ್ನೆ ಸುರಂಗದ ಬಾಯಿಗೆ ಬಂದೆವು. ಬಾಲಿನ್ ವಾಪಸ್ ಹೋದ ಅಂತ ಹೇಳಿ ನಿಲ್ಲಿಸಿದೆ. ಇವತ್ತು ಮಧ್ಯಾಹ್ನ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ, ಒಳಗೆ ಹೋದನಾ ಅಂತ.